ನಿನ್ನಿ ಬಂದಾನ, ಹ್ಯಾಸ್ ಕಮ್ ಯೆಸ್ಟರ್ಡೇ, ಮತ್ತ ನನ್ನ ಸಿಯುಇಟಿ ಇಂಗ್ಲಿಷ್

ನಮ್ಮ ತಮ್ಮ ಈಗ ಸೆಕೆಂಡ್ ಪಿಯು ಆರ್ಟ್ಸ್. ಮೊನ್ನೆ ಫೋನ್ ಮಾಡಿ "ಅಣ್ಣಾ, ಇಂಗ್ಲಿಷ್ ಗ್ರಾಮರ್ ಎಷ್ಟು ದಿನದಾಗ ಮುಗಿತೈತಿ?" ಅಂದ. ನಾನೂ ಒಂದ್ ಕಾಲಕ್ಕ ಇದನ್ನ ಕೇಳಿದಾಂವನೇ. ಆಗ ವಿಜಯಪುರದಾಗ ಒಂದ್ ಕೋಚಿಂಗ್ ಕ್ಲಾಸಿನವ್ರು ನಲವತ್ತೈದ್ ದಿನ ಅಂದ್ರು, ನಾಕ್ ಸಾವಿರ ತೊಗೊಂಡ್ರು, ಒಂದ್ ಝೆರಾಕ್ಸ್ ಬಂಡಲ್ ಕೈಯಾಗ ಇಟ್ರು, ಅದ್ರಾಗ ನೂರಾರು ರೂಲು, ಒಂದೊಂದು ರೂಲಿಗೂ ಕೆಳಗ ನಾಕ್ ಎಕ್ಸೆಪ್ಷನ್ನು, ಸರ್ ಬಂದು ಅದನ್ನ ಓದೋದು ನಾವು ಅಡಿಗೆರಿ ಎಳ್ಯೋದು, ಇಷ್ಟೇ. ಹತ್ತನೇತನಕ ಕನ್ನಡ ಮೀಡಿಯಂ ಓದಿದ ನನಗ ರೂಲು ಬಾಯಿಪಾಠ ಆತು, ಆದ್ರ ಪ್ರಶ್ನೆ ಬಂದ್ರ ಯಾವ ರೂಲು ಎಲ್ಲಿ ಹಚ್ಚಬೇಕು ಅನ್ನೋದು ತಿಳೀಲಿಲ್ಲ.

ಮೊದ್ಲು ಪರೀಕ್ಷಾದ್ದು ಒಂದೀಟು ಹೇಳಿಬಿಡ್ತೀನಿ. ನಾ ಸಿಯುಇಟಿ, ಅಂದ್ರ ಸೆಂಟ್ರಲ್ ಯುನಿವರ್ಸಿಟಿಯಾಗ ಡಿಗ್ರಿ ಸೇರಾಕ ಬರಿಯೋ ಪ್ರವೇಶ ಪರೀಕ್ಷಾ, ಬರ್ದಿದ್ದು 2025ರಾಗ. ಇಂಗ್ಲಿಷ್ ಪೇಪರಿನಾಗ 50 ಪ್ರಶ್ನೆ, ಒಂದೊಂದಕ್ಕ ನಾಕ್ ಆಪ್ಷನ್, 60 ನಿಮಿಷ, ಸರಿ ಆದ್ರ 5 ಮಾರ್ಕು, ತಪ್ಪಿದ್ರ 1 ಕಟ್. ಹಿಸ್ಟರಿ, ಪೊಲಿಟಿಕಲ್ ಸೈನ್ಸ್ ಕನ್ನಡದಾಗ ಬರೀಬಹುದು, ಒಟ್ಟು 13 ಭಾಷಾದಾಗ ಪೇಪರ್ ಕೊಡ್ತಾರ, ಆದ್ರ ಇಂಗ್ಲಿಷ್ ಪೇಪರ್ ಇಂಗ್ಲಿಷ್‌ನಾಗೇ ಇರ್ತೈತಿ ಏನ್ ಮಾಡೋದು. ನನಗ ಕಲಬುರಗಿ ಕಡೆ ಕಡಗಂಚಿಯಾಗಿನ ಸೆಂಟ್ರಲ್ ಯುನಿವರ್ಸಿಟಿ ಬೇಕಾಗಿತ್ತು, ಅದಕ್ಕ ತಪ್ಪಿಸಿಕೊಳ್ಳಾಕ ಬರ್ತಿರ್ಲಿಲ್ಲ.

ಮೊದಲನೇ ಮಾಕ್ ಟೆಸ್ಟಿನಾಗ ಐವತ್ತೂ ಬರ್ದೆ. 26 ಸರಿ, 24 ತಪ್ಪು. 130ರಾಗ 24 ಹೋಗಿ 106. ಹಂಗಂತ ಮೈನಸ್ ಮಾರ್ಕಿಗಿ ಹೆದರಿ ಭಾಳ ಬಿಡಬ್ಯಾಡ್ರಿ. ಏನೂ ಗೊತ್ತಿಲ್ದ ನಾಕ್ ಪ್ರಶ್ನೆಗೆ ಕಣ್ಣ ಮುಚ್ಚಿ ಹಚ್ಚಿದ್ರೂ ಲೆಕ್ಕದ ಪ್ರಕಾರ ಒಂದು ಬಡೀತೈತಿ ಅಂದ್ರ 5 ಬಂತು 3 ಹೋತು, ಇನ್ನೂ 2 ಉಳೀತು. ಎರಡು ಆಪ್ಷನ್ ತಗದ ಹಾಕಾಕ ಬಂದ್ರಂತೂ ಬಿಡೋ ಮಾತೇ ಇಲ್ಲ. ನಾ ಇದನ್ನ ತಿಳ್ಕೊಂಡಿದ್ದು ತಡಾ ಆಗಿ, ಖರೇ ಪರೀಕ್ಷಾದಾಗ ಮೂರು ಖಾಲಿ ಬಿಟ್ಟು ಬಂದೀನಿ.

ಆ 24 ತಪ್ಪು ಒಂದ್ ನೋಟ್‌ಬುಕ್ಕಿನಾಗ ಬರ್ಕೊಂಡು ಕುಂತೆ. ಮಾರ್ಚ್ ತಿಂಗಳು, ನಮ್ಮದು ತಿಕೋಟಾ ಕಡೆ ಹಳ್ಳಿ, ಮಣೂಕ ಅಂದ್ರ ಒಣದ್ರಾಕ್ಷಿ ಸೀಸನ್ನು, ಕಾಕಾನ ಶೆಡ್ಡಿನಾಗ ಕಾಯೋ ಕೆಲಸ ನಂದು. ದ್ರಾಕ್ಷಿ ಗೊನಿ ಡಿಪ್ಪಿಂಗ್ ಆಯಿಲ್ ನೀರಾಗ ಎದ್ದಿ ಜಾಳಗಿ ಮ್ಯಾಲ ಹರವಿರ್ತಾರ, ಎರಡು ವಾರ ಒಣಗಬೇಕು, ಅಲ್ಲಿತನಕ ಕಾಯೋನಿಗೆ ಕುಂತು ಓದೋದು ಬಿಟ್ರ ಬ್ಯಾರೆ ಕೆಲಸ ಇಲ್ಲ. ಅಲ್ಲಿ ಕುಂತಾಗ ಹೊಳೀತು, ಈ ತಪ್ಪು ಅರ್ಧಕ್ಕರ್ಧ ನಾ ಇಂಗ್ಲಿಷ್ ಓದದ್ದಕ್ಕ ಆಗಿದ್ದಲ್ಲ, ಒಳಗ ಕನ್ನಡ ಮಾತಾಡ್ತಿದ್ದೆ ಅದಕ್ಕ ಆಗಿದ್ದು.

ಹೆಂಗಂದ್ರ, "ಹೀ ಹ್ಯಾಸ್ ಕಮ್ ಯೆಸ್ಟರ್ಡೇ" ಅನ್ನೋದು ನನಗ ಬರೋಬ್ಬರಿ ಅನಸ್ತಿತ್ತು. ಯಾಕಂದ್ರ ನಮ್ಮ ಕಡೆ ಬಂದ ಅಂತೂ ಅಂತೀವಿ, ಬಂದಾನ ಅಂತೂ ಅಂತೀವಿ. ಬಂದ ಅಂದ್ರ ಕೇಮ್, ಬಂದಾನ ಅಂದ್ರ ಹ್ಯಾಸ್ ಕಮ್, ಇಲ್ಲಿತನಕ ನಮಗ ಪುಕ್ಕಟೆ ಸಿಕ್ಕೈತಿ. ಆದ್ರ ನಾವು "ನಿನ್ನಿ ಬಂದಾನ" ಅಂತ ಆರಾಮ ಅಂತೀವಿ, ಇಂಗ್ಲಿಷಿನವ್ರು ಅನ್ನಂಗಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2020, ಹಿಂಗ ಮುಗದ ಹೋದ ಟೈಮ್ ಕಂಡ್ರ ಹ್ಯಾಸ್ ಹ್ಯಾವ್ ಹೊರಗ. ಬಂಡಲ್ಲಿನಾಗ ಇದಾ ರೂಲು ಇತ್ತು, ಆದ್ರ ನಿಮ್ಮ ನಾಲಿಗಿ ಇಲ್ಲಿ ಜಾರತೈತಿ ನೋಡು ಅಂತ ಇರ್ಲಿಲ್ಲ.

ಸಿನ್ಸ್ ಮತ್ತ ಫಾರ್ ಇನ್ನೊಂದ್ ಕಾಟ. "ಸೋಮವಾರದಿಂದ" ಅಂದ್ರೂ ಇಂದ, "ಎರಡು ವರ್ಷದಿಂದ" ಅಂದ್ರೂ ಇಂದ, "ಬಸ್ಸಿನಿಂದ" ಇಳಿದ್ರೂ ಇಂದ. ಅದಕ್ಕ "ಸಿನ್ಸ್ ಟೂ ಇಯರ್ಸ್" ಅಂತ ಅರ್ಧ ಕರ್ನಾಟಕ ಮಾತಾಡೋದು. ನಾ ಒಂದ್ ಉಪಾಯ ಹುಡುಕೀನಿ: ಇಂದ ತಗದು "ಆತು" ಹಚ್ಚಿ ನೋಡ್ರಿ. "ಎರಡು ವರ್ಷ ಆತು ಇಲ್ಲೇ ಅದೀನಿ" ನಡೀತೈತಿ, ಹಂಗಾರ ಫಾರ್. "ಸೋಮವಾರ ಆತು ಇಲ್ಲೇ ಅದೀನಿ" ಅಂದ್ರ ನಗ್ತಾರ, ಹಂಗಾರ ಸಿನ್ಸ್. ಇದು ಒಮ್ಮಿನೂ ಕೈ ಕೊಟ್ಟಿಲ್ಲ ನನಗ.

ಅ, ಆ್ಯನ್ ಅಂತೂ ನಮ್ಮ ಲಿಪಿನೇ ಹೇಳ್ತೈತಿ. ಶಬ್ದಾನ ಕನ್ನಡದಾಗ ಬರೀರಿ, ಮೊದಲ ಅಕ್ಷರ ಸ್ವರ ಇದ್ರ ಆ್ಯನ್, ವ್ಯಂಜನ ಇದ್ರ ಅ. ಅವರ್ (ತಾಸು), ಎಂಎಲ್‌ಎ, ಅಂಬ್ರೆಲಾ, ಇವಕ್ಕ ಆ್ಯನ್. ಯುನಿವರ್ಸಿಟಿ, ಯುರೋಪಿಯನ್, ಇವಕ್ಕ ಅ. ಇಂಗ್ಲಿಷ್ ಮೀಡಿಯಂ ಹುಡುಗ್ರು ಯು ಅಕ್ಷರ ಕಂಡು ಮೋಸ ಹೋಗ್ತಾರ, ನಾವು ಹೋಗಬಾರದು. ಒಂದಾ ಎಚ್ಚರ, ಒನ್ ಅಂತ ಬರೀಬ್ಯಾಡ್ರಿ ವನ್ ಅಂತ ಬರೀರಿ, ಎಂಎಲ್‌ಎ ಹೋಗಿ ಯೆಂಎಲ್‌ಎ ಆಗಬಾರದು.

ಪ್ಯಾಸಿವ್ ವಾಯ್ಸ್ ನನಗ ತಿಳಿದಿದ್ದು ಶೆಡ್ಡಿನಾಗೇ. ಸಾಲ್ಯಾಗ ನಮಗ ಕಲಿಸಿದ ಕರ್ಮಣಿ ಪ್ರಯೋಗ "ರಾಮನಿಂದ ರಾವಣನು ಕೊಲ್ಲಲ್ಪಟ್ಟನು", ಈ ಅಲ್ಪಟ್ಟನು ಅನ್ನೋದು ನಮ್ಮನಿಯಾಗ ಯಾರೂ ಆಡಿದ್ದು ಕೇಳಿಲ್ಲ. ಶೆಡ್ ನೋಡಾಕ ಬಂದ ಒಬ್ರಿಗೆ ಕಾಕಾ "ಇಲ್ಲಿ ದ್ರಾಕ್ಷಿ ಒಣಗಸ್ತಾರ್ರಿ" ಅಂದ. ಯಾರು ಒಣಗಸ್ತಾರ? ಹೆಸರೇ ಇಲ್ಲ, ಕಾಕಾ ತಾನೇ ಒಣಗಸಾಂವ, ಆದ್ರೂ "ಒಣಗಸ್ತಾರ". ಇದಾ ನೋಡಪಾ ಗ್ರೇಪ್ಸ್ ಆರ್ ಡ್ರೈಡ್ ಹಿಯರ್ ಅಂತ ಅಲ್ಲೇ ನೋಟ್‌ಬುಕ್ಕಿನಾಗ ಬರ್ಕೊಂಡೆ, ಮಣೂಕ ಅಂಟಿದ ಕಲಿ ಆ ಪುಟಕ್ಕ ಇನ್ನೂ ಐತಿ. ಮಾಡ್ಯಾರ, ಕಟ್ಯಾರ, ಕರದಾರ ಅಂತ ಯಾರು ಅಂತಿಲ್ದ ಬಂದ ಮಾತೆಲ್ಲಾ ಹೆಚ್ಚುಕಡಿಮಿ ಪ್ಯಾಸಿವ್‌ಗೆ ಹೋಗ್ತಾವ.

ಎಲ್ಲಾ ಕಡೆ ಕನ್ನಡ ಕೈ ಹಿಡೀತೈತಿ ಅಂತಲ್ಲ. "ಹುಡುಗರಾಗ ಒಬ್ಬ ಬಂದಾನ" ಅಂತೀವಿ, ಒಬ್ಬ ಬಂದಾರ ಅನ್ನಂಗಿಲ್ಲ, ಅದಕ್ಕ ವನ್ ಆಫ್ ದಿ ಬಾಯ್ಸ್ ಹ್ಯಾಸ್ ಅನ್ನೋದು ಸಲೀಸು. ಆದ್ರ "ಪ್ರತಿಯೊಬ್ರೂ ಬಂದಾರ" ಅಂತೀವಲ್ಲ, ಅಲ್ಲಿ ಎವ್ರಿವನ್ ಹ್ಯಾವ್ ಅಂತ ಬರ್ದು ಐದು ಮಾರ್ಕ್ ಕಳಕೊಂಡೀನಿ, ಹ್ಯಾಸ್ ಬೇಕು. ರಿಪೋರ್ಟೆಡ್ ಸ್ಪೀಚ್ ಇನ್ನೂ ಕಷ್ಟ. "ನಾ ನಾಳಿ ಬರ್ತೀನಿ ಅಂದ" ಅಂತ ಅವ ಆಡಿದ್ದನ್ನ ಇದ್ದಂಗ ಗಂಟ ಕಟ್ಟಿ ಅಂದ ಅಂತ ಹಚ್ಚಿಬಿಡ್ತೀವಿ, ಇಂಗ್ಲಿಷ್‌ನಾಗ ಆ ಗಂಟ ಬಿಚ್ಚಬೇಕು, ನಾ ಹೋಗಿ ಅವ ಆಗಬೇಕು, ವಿಲ್ ಹೋಗಿ ವುಡ್, ಟುಮಾರೋ ಹೋಗಿ ದಿ ನೆಕ್ಸ್ಟ್ ಡೇ. ಇದಕ್ಕ ಉಪಾಯ ಸಿಗ್ಲಿಲ್ಲ, ದಿನಾ ಹತ್ತು ವಾಕ್ಯ ಬರ್ದು ಬರ್ದೇ ಕಲ್ತೆ. ಕ್ವೆಶ್ಚನ್ ಟ್ಯಾಗೂ ಹಂಗೇ, ನಮಗ "ಹೌದಿಲ್ಲೋ" ಒಂದ್ ಇದ್ರ ಸಾಕು, ಅವ್ರಿಗೆ ಡಸಂಟ್ ಹೀ, ಹ್ಯಾವಂಟ್ ದೇ, ನೂರಾ ಎಂಟು.

ವಾಕ್ಯದ ತುಣುಕು ಜೋಡಸೋ ಪ್ರಶ್ನೆ ಬರ್ತಾವಲ್ಲ, ಅಲ್ಲಿ ಒಂದ್ ನೆನಪಿಟ್ಕೋರಿ. ನಾವು "ನಿನ್ನಿ ಸಿಂದಗಿಯಿಂದ ಬಂದ ಹುಡುಗ" ಅಂತ ವರ್ಣನಾ ಎಲ್ಲಾ ಮುಂದ ಹಚ್ಚಿ ಹುಡುಗನ್ನ ಕಡೀಕ ತರ್ತೀವಿ, ಅವ್ರು ದಿ ಬಾಯ್ ಅಂತ ಮೊದ್ಲು ನಿಲ್ಲಿಸಿ ಆಮ್ಯಾಲ ಹೂ ಕೇಮ್ ಅಂತಾರ. ಹೂ, ವಿಚ್ ಇಂದ ಸುರು ಆಗೋ ತುಣುಕು ಕಂಡ್ರ ಯಾರ ಬೆನ್ನಿಗಿ ಹತ್ತತೈತಿ ಅಂತ ಹುಡುಕ್ರಿ, ಅರ್ಧ ಕೆಲಸ ಆದಂಗ.

ಪ್ಯಾಸೇಜಿಗೆ ದಿನಾ ಎಡಿಟೋರಿಯಲ್ ಓದು ಅಂತಾರ ಎಲ್ಲಾರೂ. ನನಗ ಮೂರು ದಿನ ನಡೀಲಿಲ್ಲ ಅದು, ನಿದ್ದಿ ಬಂತು. ಸ್ಪೋರ್ಟ್ಸ್ ಪೇಜ್ ಓದಿದೆ, ಮ್ಯಾಚ್ ಮೊದ್ಲೇ ನೋಡಿರ್ತೀನಿ, ಅರ್ಥ ತಾನೇ ಆಗ್ತಿತ್ತು. ಯಾರ್ಯಾರು ಬೈತೀರೋ ಬೈರಿ.

ಮೇ ತಿಂಗಳು ಕಲಬುರಗಿಯಾಗ ಸೆಂಟರ್, ಆ ಬಿಸಲು ಹೇಳಬ್ಯಾಡ್ರಿ. 38 ಸರಿ, 9 ತಪ್ಪು, 181. ದೊಡ್ಡ ಸ್ಕೋರ್ ಅಲ್ಲ, ನನಗ ಸಾಕಾತು, ಸೀಟು ಸಿಕ್ತು.

ಇದೆಲ್ಲಾ ತಮ್ಮಗ ಫೋನಿನಾಗ ಮುಕ್ಕಾಲು ತಾಸು ಹೇಳೀನಿ, ಹೂಂ ಹೂಂ ಅಂದ. ನೋಟ್‌ಬುಕ್ ಎಲ್ಲೈತಿ ಅಂತಾನೂ ಹೇಳೀನಿ. ನಿನ್ನೆ ರಾತ್ರಿ ಅವ್ವಗ ಫೋನ್ ಹಚ್ಚಿ ಅವ ಓದಾಕತ್ತಾನೋ ಇಲ್ಲೋ ಅಂತ ಕೇಳಿದೆ.

"ಮೊನ್ನಿ ಓದ್ಯಾನಪಾ" ಅಂದ್ಲು ಅವ್ವ, "ಇವತ್ತ ಮ್ಯಾಚ್ ಆಡಾಕ ಹೋಗ್ಯಾನ."

ನನಗ ನಗು ತಡೀಲಿಲ್ಲ. ಯಾಕ ನಗ್ತಿ ಅಂತ ಎರಡು ಸಲ ಕೇಳಿದ್ಲು.