‘ತಪ್ಪು ಉತ್ತರ’ ಅಂತ ಬರೆಯೋದನ್ನು ಬಿಟ್ಟೆ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕೆರೆ ನೀರಾವರಿ ಪಾಠಕ್ಕೆ ಅಂತ ಬರೀ ಅಕ್ಷರಗಳ ಒಂದು ಕಂಪ್ಯೂಟರ್ ಆಟ ಮಾಡಿದ್ದೆ. ಚಿತ್ರ ಇಲ್ಲ, ಸದ್ದು ಇಲ್ಲ. ಎರಡು ಸಾಲು ಓದಬೇಕು, ಒಂದು ದಾರಿ ಆರಿಸಿ ಒತ್ತಬೇಕು. ಆಡುವ ಮಗುವೇ ಊರಿನ ನೀರುಗಂಟಿ. ತೂಬು ತೆಗೆಯೋದು, ಮುಚ್ಚೋದು, ಗದ್ದೆಗಳಿಗೆ ನೀರು ಹಂಚೋದು ಅವನ ಕೆಲಸ.

ಮೊದಲ ಸಲ ಆಟ ಕೈಕೊಟ್ಟಿತು. ‘ಕೆರೆ ಅರ್ಧ ತುಂಬಿದೆ. ಭತ್ತ ಹಾಕೋಣವೋ, ರಾಗಿಯೋ?’ ಅಂತ ಕೇಳಿದ್ದೆ. ಭತ್ತ ಒತ್ತಿದರೆ ‘ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ’ ಅಂತ ಬರುತ್ತಿತ್ತು. ಮಕ್ಕಳು ಓದಲೇ ಇಲ್ಲ. ಒಂದು ಒತ್ತಿ, ತಪ್ಪಾದರೆ ಇನ್ನೊಂದು ಒತ್ತಿ, ಐದೇ ನಿಮಿಷಕ್ಕೆ ಮುಗಿಸಿದರು. ನಾನು ಮಾಡಿದ್ದು ಆಟವಲ್ಲ, ಪ್ರಶ್ನೆಪತ್ರಿಕೆ.

ಮನೆಗೆ ಬಂದು ‘ತಪ್ಪು’ ಅನ್ನೋ ಪದವನ್ನೇ ಅಳಿಸಿದೆ. ಕೆರೆಯಲ್ಲಿ 12 ಅಳತೆ ನೀರು ಇಟ್ಟೆ. ಭತ್ತ ಹಾಕಿದರೆ ವಾರಕ್ಕೆ 3 ಅಳತೆ ಖರ್ಚು, ರಾಗಿಗೆ 1. ಈಗ ಭತ್ತ ಆರಿಸಿದವರಿಗೆ ಮೊದಲ ವಾರ ಹೀಗೆ ಬರುತ್ತದೆ: ‘ಪೈರು ಹಸಿರಾಗಿ ನಿಂತಿದೆ. ಊರವರಿಗೆ ಖುಷಿ. ಕೆರೆಯಲ್ಲಿ ಉಳಿದದ್ದು 9.’ ಐದನೇ ವಾರ ಹೀಗೆ: ‘ತೂಬು ತೆಗೆದೆ. ಕಾಲುವೆಯಲ್ಲಿ ಬರೀ ಕೆಸರು. ತೆನೆ ಇನ್ನೂ ಕಟ್ಟಿಲ್ಲ.’

ಆ ಸಾಲಿಗೆ ಬಂದಾಗ ಗಲಾಟೆ ನಿಂತಿತು. ‘ಮಿಸ್, ಮೊದಲಿಂದ ಆಡಬಹುದಾ?’ ಅಂತ ಒಬ್ಬ ಕೇಳಿದ. ಎರಡನೇ ಸಲ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಅಲ್ಲಿಂದ ನಾನು ಸೋಲುವ ದಾರಿಯನ್ನೇ ಜಾಸ್ತಿ ಗಮನವಿಟ್ಟು ಬರೆಯುತ್ತೇನೆ. ಪಾಠ ಇರೋದು ಅಲ್ಲೇ.

ಇದು ಹಳೇ ಉಪಾಯ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1964ರಲ್ಲೇ ಮೇಬಲ್ ಆಡಿಸ್ ಎಂಬ ನಾಲ್ಕನೇ ತರಗತಿಯ ಟೀಚರ್ ‘ಸುಮೇರಿಯನ್ ಗೇಮ್’ ಬರೆದರು. ಅದರಲ್ಲಿ ಮಗು ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಲಗಾಶ್ ನಗರದ ಅರಸ. ಸುಗ್ಗಿಯ ಧಾನ್ಯದಲ್ಲಿ ಜನರಿಗೆ ಎಷ್ಟು, ಬಿತ್ತನೆಗೆ ಎಷ್ಟು, ಕಣಜಕ್ಕೆ ಎಷ್ಟು ಅಂತ ಟೈಪ್ ಮಾಡಬೇಕು. ಸರಿ-ತಪ್ಪು ಹೇಳೋದು ಮುಂದಿನ ಸುಗ್ಗಿ.

ನಾನು ಬಳಸೋದು ಟ್ವೈನ್ ಅನ್ನೋ ತಂತ್ರಾಂಶ, ಇಂಥ ಅಕ್ಷರದ ಆಟ ಬರೆಯೋಕೆ ಅಂತಲೇ ಇರೋದು. ಪುಕ್ಕಟೆ ಸಿಗುತ್ತದೆ, ಕನ್ನಡ ಅಕ್ಷರ ಚೆನ್ನಾಗಿ ಬರುತ್ತದೆ. ಪದಗಳನ್ನು ಜೋಡಿ ಚೌಕ ಕಂಸದಲ್ಲಿಟ್ಟರೆ ಅದೇ ಮುಂದಿನ ಪುಟಕ್ಕೆ ಕೊಂಡಿ. ಇಡೀ ಆಟ ಒಂದೇ ಫೈಲ್ ಆಗುತ್ತದೆ, ನೆಟ್ ಇಲ್ಲದೆಯೂ ಓಡುತ್ತದೆ. ಆದರೆ ಕವಲುಗಳ ಬಗ್ಗೆ ಹುಷಾರು. ಪ್ರತಿ ಸಲ ಎರಡು ದಾರಿ ಅಂದರೆ ಐದೇ ಹೆಜ್ಜೆಗೆ 32 ಕೊನೆಗಳಾಗುತ್ತವೆ, ಬರೆದು ಮುಗಿಯಲ್ಲ. ಅದಕ್ಕೇ ದಾರಿಗಳನ್ನು ಮತ್ತೆ ಒಂದೇ ಪುಟಕ್ಕೆ ಸೇರಿಸುತ್ತೇನೆ. ಹಿಂದೆ ಮಾಡಿದ್ದನ್ನು ನೆನಪಿಡೋದು ಕೆರೆಯ ಅಂಕಿ ಒಂದೇ. ಒಂದು ಪುಟಕ್ಕೆ ಮೂರು ವಾಕ್ಯ ಮೀರಿಸಲ್ಲ, ನಿಧಾನವಾಗಿ ಓದುವ ಮಕ್ಕಳು ಹಿಂದೆ ಬೀಳಬಾರದು ಅಲ್ವಾ? ಒಂದು ಕಂಪ್ಯೂಟರಿಗೆ ಮೂವರನ್ನು ಕೂರಿಸುತ್ತೇನೆ. ಒತ್ತುವ ಮೊದಲು ಅವರವರೇ ಜಗಳ ಆಡಲಿ ಅಂತ.

ಅಂಥ ಒಂದು ಜಗಳದ ನಡುವೆ ಒಬ್ಬಳು ಎದ್ದು ನಿಂತಳು. ಅವರ ಗದ್ದೆ ಅಚ್ಚುಕಟ್ಟಿನ ಕೊನೆಯಲ್ಲಿದೆ. ‘ನೀರು ಕಮ್ಮಿ ಇದ್ದಾಗ ಮೊದಲು ಕೊನೇ ಗದ್ದೆಗೆ ಬಿಡ್ಬೇಕು ಮಿಸ್. ಇಲ್ಲಾಂದ್ರೆ ನಮ್ಮ ತನಕ ಬರೋದೇ ಇಲ್ಲ. ಅದು ಇದರಲ್ಲಿ ಯಾಕಿಲ್ಲ?’

ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತು ಸಂಜೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟ ಬರೆದೆ.