ಎಸ್‌ಎಸ್‌ಬಿಗೆ ಕೋಚಿಂಗ್ ಬೇಕಾ?

"ಅಣ್ಣಾ, ಎಸ್‌ಎಸ್‌ಬಿ ಕಾಲ್ ಬಂದಿದೆ. ಕೋಚಿಂಗ್ ಸೇರ್ಲಾ?" ವರ್ಷಕ್ಕೆ ಏಳೆಂಟು ಹುಡುಗರಾದರೂ ಇದನ್ನೇ ಕೇಳುತ್ತಾರೆ. ಸೇನೆಯಲ್ಲಿ ಆಫೀಸರ್ ಆಗಲು ರಿಟನ್ ಟೆಸ್ಟ್ ಪಾಸಾದ ಮೇಲೆ ನಡೆಯುವ ಐದು ದಿನದ ಆಯ್ಕೆ ಅದು. ನಾನು ಎರಡು ಸಲ ಹೋದವನು. ಮೊದಲು ಭೋಪಾಲ್, ಆಮೇಲೆ ಬೆಂಗಳೂರು.

ನನ್ನ ಉತ್ತರ: ಆ ದುಡ್ಡು ಉಳಿಸು, ಒಂದು ವಾರ ಊರಿಗೆ ಹೋಗು.

ಭೋಪಾಲಿಗೆ ಮುಂಚೆ ನಾನೂ ಕೋಚಿಂಗ್ ಸೇರಿದ್ದೆ. ಪದ ನೋಡಿ ವಾಕ್ಯ ಬರೆಯುವ ಪರೀಕ್ಷೆಯೊಂದಿದೆ. 60 ಪದ, ಒಂದೊಂದಕ್ಕೆ 15 ಸೆಕೆಂಡ್. ಅದಕ್ಕೆ ವಾಕ್ಯಗಳನ್ನೇ ಬಾಯಿಪಾಠ ಮಾಡಿಸಿದ್ದರು. ಮೊದಲ ದಿನದ ಸ್ಕ್ರೀನಿಂಗ್ ದಾಟಿದೆ. ಅಲ್ಲಿ ಮಸುಕು ಚಿತ್ರವೊಂದನ್ನು 30 ಸೆಕೆಂಡ್ ತೋರಿಸಿ, 4 ನಿಮಿಷದಲ್ಲಿ ಕಥೆ ಬರೆಸಿ, ಗುಂಪಿನಲ್ಲಿ ಮಾತಾಡಿಸುತ್ತಾರೆ. ನಮ್ಮ ಬ್ಯಾಚಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವತ್ತೇ ಗಂಟುಮೂಟೆ ಕಟ್ಟಿದರು. ಉಳಿದ ನನಗೆ ಸ್ವಲ್ಪ ಕೊಬ್ಬೂ ಬಂತು.

ಇಂಟರ್ವ್ಯೂನಲ್ಲಿ ಸಾಹೇಬರ ಮುಂದೆ ನನ್ನ ಪಿಐಕ್ಯೂ ಇತ್ತು. ನಾವೇ ತುಂಬಿ ಕೊಡುವ ಫಾರಂ ಅದು: ಮನೆಯವರ ಕೆಲಸ, ಮಾರ್ಕ್ಸ್, ಆಟ, ಹವ್ಯಾಸ. ಅಪ್ಪನ ಕೆಲಸ 'ಅಡಿಕೆ ಕೃಷಿ' ಅಂತ ಬರೆದಿದ್ದೆ. ಅವರು ಅಲ್ಲೇ ಹಿಡಿದರು. ಎಕರೆಗೆ ಎಷ್ಟು ಮರ? ಕ್ವಿಂಟಾಲ್‌ಗೆ ಈಗ ರೇಟೆಷ್ಟು? ಮಳೆಗಾಲದಲ್ಲಿ ರೋಗ ಬಂದರೆ ಏನು ಮಾಡ್ತೀರಿ? ಚೀನಾ ಗಡಿ, ರಫೇಲ್ ಎಲ್ಲ ಅರೆದು ಕುಡಿದು ಹೋಗಿದ್ದ ನಾನು ತೊದಲಿದೆ. ಐದನೇ ದಿನ ಓದಿದ, ಆಯ್ಕೆಯಾದವರ ಚೆಸ್ಟ್ ನಂಬರ್‌ಗಳಲ್ಲಿ ನನ್ನದಿರಲಿಲ್ಲ.

ಆ ಮಳೆಗಾಲ ಅಪ್ಪನ ಜೊತೆ ನಿಂತು, ಅಡಿಕೆಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸಿದೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಆಮೇಲೆ ಕತ್ತಿಯ ತುದಿ ಅದ್ದಿ ನೋಡಬೇಕು. ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹುಟ್ಟಿದ್ದೇ ತೋಟದ ಮನೆಯಲ್ಲಿ, ಇದು ಗೊತ್ತಾಗಿದ್ದು ಇಪ್ಪತ್ತೆರಡಕ್ಕೆ! "ಮಿಲಿಟರಿಗೆ ಇದೂ ಬೇಕೇನೋ?" ಅಂತ ಅಪ್ಪ ನಕ್ಕರು.

ಬೆಂಗಳೂರಲ್ಲಿ ಸಾಹೇಬರು ಒಂದೇ ಉಸಿರಿಗೆ ಹತ್ತು ಪ್ರಶ್ನೆ ಎಸೆದರು. ಹತ್ತನೇ ಕ್ಲಾಸಿಂದ ಮಾರ್ಕ್ಸ್, ಇಷ್ಟದ ಮೇಷ್ಟ್ರು, ಇಷ್ಟವಾಗದ ಮೇಷ್ಟ್ರು, ಯಾಕೆ, ಅಪ್ಪನ ಹತ್ತಿರ ಏನು ಹೇಳ್ತೀಯ, ಅಮ್ಮನ ಹತ್ತಿರ ಏನು... ಎಲ್ಲವನ್ನೂ ಕೇಳಿದ ಸಾಲಿನಲ್ಲೇ ಹೇಳಬೇಕು. ನನ್ನದೇ ಬದುಕು ಅಲ್ವಾ, ಈ ಸಲ ಸಲೀಸಾಗಿ ಬಂತು. ರೆಕಮೆಂಡ್ ಆದೆ, ಅಂದರೆ ಎಸ್‌ಎಸ್‌ಬಿ ಪಾಸ್. ಮೆರಿಟ್ ಲಿಸ್ಟಲ್ಲಿ ಹೆಸರು ಬರಲಿಲ್ಲ, ಆ ಕಥೆ ಬೇರೆ.

ಬಾಯಿಪಾಠ ಯಾಕೆ ಕೈಕೊಡುತ್ತದೆ ಅಂದರೆ, ಸೈಕಾಲಜಿಸ್ಟ್, ಮೈದಾನದಲ್ಲಿ ಗುಂಪು ಟಾಸ್ಕ್ ಮಾಡಿಸುವ ಆಫೀಸರ್ (ಜಿಟಿಒ), ಇಂಟರ್ವ್ಯೂ ಆಫೀಸರ್ ಮೂವರೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಒಬ್ಬರು ಏನು ಬರೆದಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಾಗುವುದು ಕೊನೇ ದಿನದ ಕಾನ್ಫರೆನ್ಸಲ್ಲಿ. ಪೇಪರ್ ಮೇಲೆ ಸಿಂಹ, ಹಗ್ಗದ ಮುಂದೆ ಇಲಿ ಆದರೆ ಅಲ್ಲಿ ಗೊತ್ತಾಗುತ್ತದೆ. ಮೈದಾನದ ಟೆಸ್ಟಿಗೆ ದಿನಾ ಓಡಿ ತಯಾರಾದರೆ ಸಾಕು. ಇಂಗ್ಲಿಷ್ ಅಚ್ಚುಕಟ್ಟಾಗಿ ಇರಬೇಕಿಲ್ಲ, ನಿಲ್ಲದೆ ಮಾತಾಡಲು ಬಂದರಾಯ್ತು.

ಮೊನ್ನೆ ಅತ್ತಿಗೆಯ ತಮ್ಮ ಫೋನ್ ಮಾಡಿದ್ದ. ಅವನದೂ ಅದೇ ಪ್ರಶ್ನೆ. "ನಿಮ್ಮ ಮನೆಯಿಂದ ಡೈರಿಗೆ ದಿನಾ ಎಷ್ಟು ಲೀಟರ್ ಹಾಲು ಹೋಗುತ್ತೆ?" ಅಂದೆ.

"ತಡಿ, ಅಮ್ಮನ್ನ ಕೇಳಿ ಹೇಳ್ತೀನಿ" ಅಂದ.