ಅಲ್ಲಿ ನೀನು ದಿನವಿಡೀ ಏನು ಮಾಡ್ತೀಯ?

ಹಾಸನಕ್ಕೆ ಹೋದಾಗಲೆಲ್ಲ ಅತ್ತೆಯಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಇದನ್ನೇ ಕೇಳುತ್ತಾರೆ. "ಕೊರಿಯಾದಲ್ಲಿ ಇಂಗ್ಲಿಷ್ ಹೇಳಿಕೊಡೋಕೆ ಅವರದೇ ಮೇಷ್ಟ್ರುಗಳು ಇರ್ತಾರಲ್ಲ, ಮತ್ತೆ ನೀನು ಅಲ್ಲಿ ದಿನವಿಡೀ ಏನು ಮಾಡ್ತೀಯ?" ಮದುವೆ ಮನೆಯ ಗದ್ದಲದಲ್ಲಿ ಇದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ. ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು "ನಮ್ಮ ಹುಡುಗಿಗೂ ಆಗುತ್ತಾ" ಅನ್ನುವವರಿಗೆ ಎರಡು ಮಾತು. ಈ ಕೆಲಸಕ್ಕೆ ಇ-2 ವೀಸಾ ಬೇಕು. ಅದು ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ. ನಾನು ಹೈಸ್ಕೂಲಿನ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಕೆನಡಾಕ್ಕೆ ಹೋದವಳು, ಹಾಗಾಗಿ ನನಗೆ ಸಿಕ್ಕಿತು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ನಮ್ಮ ದೇಶದವರು ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಬರೋಕೂ ದಾರಿ ಇದೆ, ಆದರೆ ಶಿಕ್ಷಕರ ಅರ್ಹತೆಯ ಪ್ರಮಾಣಪತ್ರ ಬೇಕೇ ಬೇಕು.

ನಾನಿರುವುದು ದಕ್ಷಿಣ ಕೊರಿಯಾದ ಈಶಾನ್ಯಕ್ಕಿರುವ ಗಾಂಗ್ವೊನ್ ಪ್ರಾಂತ್ಯದಲ್ಲಿ, ಬೆಟ್ಟಗಳ ನಡುವಿನ ಒಂದು ಸಣ್ಣ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಬಾಗಿಲಲ್ಲಿ ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಂಡರೆ ಸಂಜೆ ನಾಲ್ಕೂವರೆಗೆ ಅದನ್ನು ಬಿಡೋದು. ವಾರಕ್ಕೆ 22 ಪಿರಿಯಡ್, ಒಂದೊಂದು 40 ನಿಮಿಷ. ಕೊರಿಯನ್ ಟೀಚರ್ ಕೂಡ ಕ್ಲಾಸಿನಲ್ಲೇ ಇರುತ್ತಾರೆ. ಮಿಕ್ಕ ಹೊತ್ತು ಮೇಜಿನ ಮುಂದೆ ಕೂತು ಮಾರನೇ ದಿನದ ಪಾಠಕ್ಕೆ ತಯಾರಿ. ಮಕ್ಕಳಿಗೆ ರಜೆ ಬಂದರೂ ನಮ್ಮ ಪಾಲಿನ ರಜೆ ಮುಗಿದ ಮೇಲೆ ಖಾಲಿ ಶಾಲೆಗೆ ಬಂದು ಕೂರಬೇಕು. ಜನವರಿಯಲ್ಲಿ ಆ ಕಾರಿಡಾರಿನ ಚಳಿ ತಡೆಯೋಕಾಗಲ್ಲ. ಮನೆಗೆ ಹೋದರೆ ನೆಲವೇ ಬೆಚ್ಚಗಿರುತ್ತೆ, ಅದನ್ನು ಒಂದೊಲ್ ಅಂತಾರೆ, ಹಾಸಿಗೆ ಬಿಟ್ಟು ನೆಲದ ಮೇಲೇ ಮಲಗಿಬಿಡುತ್ತೇನೆ.

ಸರಿ, ಅವರದೇ ಟೀಚರ್ ಇರುವಾಗ ನಾನ್ಯಾಕೆ?

ಇಲ್ಲಿ ಇಂಗ್ಲಿಷ್ ಅಂದರೆ ಪರೀಕ್ಷೆ. 1997ರಿಂದ ಮೂರನೇ ಕ್ಲಾಸಿನಲ್ಲೇ ಶುರುವಾಗುತ್ತೆ. ಸ್ಕೂಲು ಬಿಟ್ಟ ಮೇಲೆ ಹಾಗ್ವೊನ್, ಅಂದರೆ ಟ್ಯೂಷನ್ ಸೆಂಟರ್. ಸಿಯೋಲಿನಲ್ಲಿ ರಾತ್ರಿ 10ಕ್ಕೆ ಅವು ಮುಚ್ಚಲೇಬೇಕು ಅಂತ ನಿಯಮ ಮಾಡಬೇಕಾಯಿತು ಅಂದರೆ ಯೋಚನೆ ಮಾಡಿ. ಕೊನೆಗೆ ನವೆಂಬರಿನಲ್ಲಿ ಕಾಲೇಜು ಪ್ರವೇಶದ ಪರೀಕ್ಷೆ, ಸುನುಂಗ್. ಅವತ್ತು ಇಂಗ್ಲಿಷ್ ಕೇಳಿಸಿಕೊಂಡು ಬರೆಯುವ ಹೊತ್ತಿನಲ್ಲಿ ಸದ್ದಾಗಬಾರದು ಅಂತ ದೇಶದಲ್ಲೆಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಇಂಥ ಕಡೆ ಬೆಳೆಯುವ ಮಗುವಿಗೆ ಇಂಗ್ಲಿಷ್ ಅಂದರೆ ಸರಿ ಅಥವಾ ತಪ್ಪು, ಅಷ್ಟೇ. ತಪ್ಪಾದರೆ ಅಂತ ಬಾಯೇ ಬಿಡಲ್ಲ. ಆ ಬಾಯಿ ಬಿಡಿಸೋದೇ ನನ್ನ ಕೆಲಸ.

ಇದಕ್ಕೆ ನನಗೆ ಕೆನಡಾದ ಇಂಗ್ಲಿಷಿಗಿಂತ ಜಾಸ್ತಿ ಸಹಾಯ ಮಾಡಿದ್ದು ಹಾಸನದ ಕನ್ನಡ. ನಿಜವಾಗಿ. ಮೂರನೇ ಕ್ಲಾಸಿನ ಒಬ್ಬ ಹುಡುಗ ಮಿಲ್ಕ್ ಅನ್ನೋಕೆ ಎರಡು ಸಲ ಚಪ್ಪಾಳೆ ತಟ್ಟಿದ, ಮಿಲ್-ಕು. ಸ್ಟ್ರೈಕ್ ಅನ್ನೋಕೆ ಐದು ಸಲ, ಸು-ತು-ರಾ-ಇ-ಕು. ಕೊನೆಗೊಂದು ಸ್ವರ ಇಲ್ಲದೆ ಅವನ ಬಾಯಿಗೆ ಸಮಾಧಾನ ಆಗಲ್ಲ. ನಾವು ಬಸ್ಸು, ಕಾರು, ಬುಕ್ಕು ಅಂದಿದ್ದೂ ಅದಕ್ಕೇ ಅಲ್ವಾ? ಕಾಫಿಗೆ ಅವರು ಖೊಪಿ ಅಂತಾರೆ, ಇಂಗ್ಲಿಷಿನ f ಸದ್ದು ಅವರಲ್ಲಿ ಇಲ್ಲ. ನಮ್ಮಜ್ಜಿ ಕೊನೆತನಕ ಕಾಪಿ ಅಂತಲೇ ಅಂದವರು. ಹಾಗಾಗಿ ಆ ಹುಡುಗನಿಗೆ ತಪ್ಪು ಅನ್ನಲಿಲ್ಲ. ನಮ್ಮೂರಲ್ಲೂ ಹೀಗೇ ಅಂತ ಹೇಳಿ, ಬೋರ್ಡಿನ ಮೇಲೆ ಕನ್ನಡದಲ್ಲಿ ಬಸ್ಸು ಅಂತ ಬರೆದೆ. ಆಮೇಲೆ ಇಬ್ಬರೂ ಸೇರಿ ಒಂದೇ ಚಪ್ಪಾಳೆಯಲ್ಲಿ ಮಿಲ್ಕ್ ಹೇಳೋದನ್ನು ಅಭ್ಯಾಸ ಮಾಡಿದೆವು.

ವಾಕ್ಯದ ಕಥೆಯೂ ಅದೇ. ಐ ಸ್ಕೂಲ್ ಗೋ ಅಂತಾರೆ ಮಕ್ಕಳು. ಕೊರಿಯನ್ನಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ನಮ್ಮ ಹಾಗೇ. ಅಪ್ಪನನ್ನು ಅವರೂ ಅಪ್ಪಾ ಅಂತಲೇ ಕರೆಯೋದು, ಇದನ್ನು ಹೇಳಿದ ದಿನ ಇಡೀ ಕ್ಲಾಸು ಎದ್ದು ನಿಂತಿತ್ತು.

ಇನ್ನು ಊಟ, ಅದೂ ಎಲ್ಲರೂ ಕೇಳ್ತೀರಿ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಮಧ್ಯಾಹ್ನ ಸ್ಟೀಲ್ ತಟ್ಟೆಯ ಗುಳಿಗಳಲ್ಲಿ ಅನ್ನ, ಸೂಪು, ಕೋಸಿನ ಉಪ್ಪಿನಕಾಯಿಯಂಥ ಕಿಮ್ಚಿ, ಎರಡು ಮೂರು ಪಲ್ಯ ಬರುತ್ತೆ. ಶಾಲೆಯವರು ತಿಂಗಳ ಮೆನು ಅಚ್ಚು ಹಾಕಿ ಕೊಡುತ್ತಾರೆ, ಅದರಲ್ಲಿ ಪ್ರತಿ ಅಡುಗೆಯ ಪಕ್ಕ ಅಲರ್ಜಿಯ ನಂಬರುಗಳು ಇರುತ್ತವೆ. 10 ಹಂದಿಮಾಂಸ, 15 ಕೋಳಿ, 16 ದನದ ಮಾಂಸ, 9 ಸೀಗಡಿ. ಕಿಮ್ಚಿಗೂ 9 ಇರುತ್ತೆ, ಉಪ್ಪು ಹಾಕಿದ ಸೀಗಡಿ ಬೆರೆಸುತ್ತಾರಲ್ಲ. ಭಾಷೆ ಬರದ ಮೊದಲ ತಿಂಗಳು ನಾನು ಬರೀ ನಂಬರು ಓದಿ ಊಟ ಮಾಡಿದ್ದೇನೆ. ಆದರೆ ಸೂಪಿಗೆ ಒಣಗಿದ ಸಣ್ಣ ಮೀನು ಹಾಕಿ ಕುದಿಸುತ್ತಾರೆ, ಆ ಮೀನಿಗೆ ಪಟ್ಟಿಯಲ್ಲಿ ನಂಬರೇ ಇಲ್ಲ. ಇದು ಗೊತ್ತಾಗೋ ತನಕ ಕುಡಿದಿದ್ದೆ. ಗೊತ್ತಾದ ದಿನ ತುಂಬಾ ಬೇಜಾರಾಯಿತು.

ಐದನೇ ಕ್ಲಾಸಿಗೆ ಆಹಾರದ ಪಾಠ ಮಾಡುವಾಗ ಈ ವಿಷಯ ಹೇಳಿದೆ, ನಾನು ಏನು ತಿನ್ನಲ್ಲ, ಯಾಕೆ ತಿನ್ನಲ್ಲ ಅಂತ. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ವರ್ಷದ ಶುರುವಿನಿಂದ ಒಂದು ಮಾತು ಆಡಿರಲಿಲ್ಲ. ಮಾರನೇ ದಿನ ಊಟದ ಸಾಲಿನಲ್ಲಿ ಅವಳು ಅಡುಗೆಯವರ ಹತ್ತಿರ ಹೋಗಿ ಏನೋ ಕೇಳಿ, ತಟ್ಟೆ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದಳು. "ಟೀಚರ್, ಸೂಪ್ ಇನ್ ಫಿಶ್ ಇಸ್. ನೋ ಈಟ್."

ಸಾರಿನಲ್ಲಿ ಮೀನು ಇದೆ. ನಮ್ಮ ಭಾಷೆಯದೇ ಜೋಡಣೆ. ನಾನು ತಿದ್ದಲಿಲ್ಲ, ಥ್ಯಾಂಕ್ಯೂ ಅಂದೆ. ಅವಳು ಪಕ್ಕದಲ್ಲೇ ಕೂತು, ತನ್ನ ಪಾಲಿನ ಕಡಲಪಾಚಿಯ ಹಾಳೆಗಳನ್ನು ಒಂದೊಂದಾಗಿ ನನ್ನ ಅನ್ನದ ಮೇಲೆ ಇಟ್ಟಳು.